ಫಿಟ್ಸ್ ಮಾತ್ರೆ, ಗಾಂಜಾ, ಎಂಡಿಎಂಎ: ಕಾನೂನಿನ ಕಣ್ಣಿಗೆ ಎಲ್ಲಾ ಒಂದೇನಾ?

ಪ್ರಶ್ನೆ: ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ. ಅಕ್ಕನ ಮಗನಿಗೆ ಚಿಕ್ಕಂದಿನಿಂದ ಫಿಟ್ಸ್. ದಿನಕ್ಕೆ ಎರಡು ಕ್ಲೋಬಜಾಮ್, ರಾತ್ರಿ ಒಂದು ಫಿನೋಬಾರ್ಬಿಟೋನ್ ಮಾತ್ರೆ. ಮಂಗಳೂರಿನ ಡಾಕ್ಟರು ಬರೆದುಕೊಟ್ಟದ್ದು, ಮೂರು ತಿಂಗಳಿಗೊಮ್ಮೆ ನಾನೇ ಹೋಗಿ ತರುತ್ತೇನೆ. ಕಳೆದ ಸಲ ತಲಪಾಡಿ ಗಡಿ ದಾಟಿದ ಮೇಲೆ ಬಸ್ಸಿನಲ್ಲಿ ತಪಾಸಣೆ ಆಯಿತು. ನನ್ನ ಚೀಲ ನೋಡಿದವರು "ಇದು ಎನ್‌ಡಿಪಿಎಸ್ ಮಾತ್ರೆ, ಹೀಗೆಲ್ಲ ಹೊತ್ತುಕೊಂಡು ಓಡಾಡಬಾರದು" ಅಂದರು. ಬಿಟ್ಟರು, ಆದರೆ ಅಕ್ಕ ಹೆದರಿ ಮಾತ್ರೆ ಕಡಿಮೆ ಮಾಡಿದ್ದಾಳೆ. ಇನ್ನೊಂದು: ನಮ್ಮೂರಿನ ಒಬ್ಬ ಹುಡುಗನ ಹತ್ತಿರ 12 ಗ್ರಾಂ ಎಂಡಿಎಂಎ ಅನ್ನುವ ಅಮಲಿನ ವಸ್ತು ಸಿಕ್ಕಿ ತಿಂಗಳುಗಟ್ಟಲೆ ಜೈಲಿನಲ್ಲಿದ್ದಾನೆ. ಅರ್ಧ ಕಿಲೋ ಗಾಂಜಾ ಇಟ್ಟುಕೊಂಡ ಮತ್ತೊಬ್ಬ ಮರುದಿನವೇ ಮನೆಗೆ ಬಂದ. ಇದೇನು ಲೆಕ್ಕ? ಯಾವುದು ನಿಷೇಧ, ಯಾವುದು ನಿಯಂತ್ರಣ? ಭಾವ ದುಬೈಯಲ್ಲಿದ್ದಾರೆ, ಬೆನ್ನುನೋವಿಗೆ ಟ್ರಮಡಾಲ್ ಕಳಿಸಿ ಅನ್ನುತ್ತಿದ್ದಾರೆ. ಕಳಿಸಬಹುದಾ?

ಉತ್ತರ: ಕಾನೂನಿನ ಮಾತು ಆಮೇಲೆ. ಇದನ್ನು ಓದಿದ ಕೂಡಲೇ ಅಕ್ಕನ ಹತ್ತಿರ ಮಾತಾಡಿ. ಫಿಟ್ಸ್‌ನ ಮಾತ್ರೆ, ಅದರಲ್ಲೂ ಫಿನೋಬಾರ್ಬಿಟೋನ್ ಮತ್ತು ಕ್ಲೋಬಜಾಮ್, ಒಮ್ಮೆಲೇ ಕಡಿಮೆ ಮಾಡುವುದು ತುಂಬಾ ಅಪಾಯ. ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಎಷ್ಟು ದಿನದಿಂದ ಎಷ್ಟು ಕಡಿಮೆ ಮಾಡಿದ್ದಾರೆ ಅಂತ ಇವತ್ತೇ ಡಾಕ್ಟರಿಗೆ ಹೇಳಿ, ಮೊದಲಿನ ಪ್ರಮಾಣಕ್ಕೆ ಹೇಗೆ ಮರಳಬೇಕು ಅಂತ ಕೇಳಿ. ಆ ಹುಡುಗ ಮಾತ್ರೆ ತಿನ್ನುವುದು ಅಪರಾಧವಲ್ಲ. ನೀವು ತಂದುಕೊಡುವುದೂ ಅಪರಾಧವಲ್ಲ, ಕಾಗದ ಸರಿ ಇದ್ದರೆ ಸಾಕು.

ತಪಾಸಣೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಎರಡು ಮಾತ್ರೆಗಳೂ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾಯ್ದೆಯ, ಪಟ್ಟಿಯಲ್ಲಿವೆ. ಆದರೆ ಪಟ್ಟಿಯಲ್ಲಿರುವುದು ಬೇರೆ, ನಿಷೇಧ ಆಗಿರುವುದು ಬೇರೆ. ನಮ್ಮ ಕಡೆ ಈ ಎರಡನ್ನೂ ಒಂದೇ ಅಂದುಕೊಂಡು ಎಷ್ಟೋ ಮನೆಯವರು ಹೆದರಿದ್ದಾರೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳಲ್ಲಿ ಇಂಥ ಮಾತ್ರೆಗಳನ್ನೇ ನಂಬಿರುವ ಮಕ್ಕಳಿದ್ದಾರೆ. ಅವರ ಮನೆಯವರಿಗೆ ಗಾಂಜಾ ಸಾಗಿಸುವವರಿಗೆ ಇರುವ ಹೆದರಿಕೆ ಇರಬಾರದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಈ ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ಕ್ಕೆ. ಅದಕ್ಕೆ ಮೊದಲು ಬ್ರಿಟಿಷರ ಕಾಲದ ಅಫೀಮು ಕಾಯ್ದೆಗಳು, 1930ರ ಡೇಂಜರಸ್ ಡ್ರಗ್ಸ್ ಕಾಯ್ದೆ ಇದ್ದವು. ಹೊಸ ಕಾಯ್ದೆ ವಸ್ತುಗಳನ್ನು ಮೂರು ಗುಂಪು ಮಾಡಿತು. ಮೊದಲನೆಯದು ನಾರ್ಕೋಟಿಕ್ ಡ್ರಗ್ಸ್. ಕೋಕಾ ಎಲೆ, ಗಾಂಜಾ, ಚರಸ್, ಅಫೀಮು, ಗಸಗಸೆ ಗಿಡದ ಒಣ ಭಾಗಗಳು, ಇವುಗಳಿಂದ ತಯಾರಾಗುವ ಕೊಕೇನ್, ಮಾರ್ಫಿನ್, ಕೊಡೀನ್, ಹೆರಾಯಿನ್ ಎಲ್ಲಾ ಇದರಲ್ಲಿ ಬರುತ್ತವೆ. ಎರಡನೆಯದು ಸೈಕೋಟ್ರಾಪಿಕ್, ಅಂದರೆ ಮನಸ್ಸಿನ ಮೇಲೆ ಕೆಲಸ ಮಾಡುವ ವಸ್ತುಗಳು. ಇವುಗಳ ಹೆಸರುಗಳನ್ನು ಕಾಯ್ದೆಯ ಕೊನೆಯಲ್ಲಿ ಒಂದು ಉದ್ದ ಪಟ್ಟಿಯಾಗಿ ಕೊಟ್ಟಿದ್ದಾರೆ. ಎಲ್‌ಎಸ್‌ಡಿ, ಎಂಡಿಎಂಎ, ಮೆತಾಂಫೆಟಮಿನ್ ಇರುವುದು ಅಲ್ಲಿ. ನಿದ್ದೆಗೆ ಕೊಡುವ ನೈಟ್ರಜೆಪಾಮ್, ಆತಂಕಕ್ಕೆ ಕೊಡುವ ಅಲ್ಪ್ರಜೋಲಾಮ್, ನಿಮ್ಮ ಹುಡುಗನ ಕ್ಲೋಬಜಾಮ್, ಫಿನೋಬಾರ್ಬಿಟೋನ್ ಇರುವುದೂ ಅಲ್ಲೇ. ಒಂದೇ ಪಟ್ಟಿ! ಗೊಂದಲ ಹುಟ್ಟುವುದೇ ಇಲ್ಲಿಂದ. ಮೂರನೆಯದು ನಿಯಂತ್ರಿತ ವಸ್ತುಗಳು. ಕಾಯ್ದೆ "ನಿಯಂತ್ರಿತ ವಸ್ತು" ಅಂತ ಹೆಸರಿಟ್ಟು ಕರೆಯುವುದು ಈ ಗುಂಪನ್ನು. ಹೆರಾಯಿನ್ ತಯಾರಿಗೆ ಬೇಕಾಗುವ ಅಸಿಟಿಕ್ ಅನ್‌ಹೈಡ್ರೈಡ್, ಮೆತಾಂಫೆಟಮಿನ್ ತಯಾರಿಸಲು ಬಳಸುವ ಎಫೆಡ್ರಿನ್ ಇಂಥ ಕಚ್ಚಾ ರಾಸಾಯನಿಕಗಳು. ಮನೆಯವರಿಗೂ ಇವಕ್ಕೂ ಸಂಬಂಧ ಕಡಿಮೆ, ಮುಂದಕ್ಕೆ ಹೋಗೋಣ.

ಪಟ್ಟಿ ಬೆಳೆಯುತ್ತಲೇ ಇರುತ್ತದೆ. ಅರಿವಳಿಕೆಗೆ ಬಳಸುವ ಕೀಟಮಿನ್ 2011ರಲ್ಲಿ ಸೇರಿತು, ಅಮಲಿನ ಮೆಫಿಡ್ರೋನ್ 2015ರಲ್ಲಿ, ಟ್ರಮಡಾಲ್ 2018ರ ಏಪ್ರಿಲ್‌ನಲ್ಲಿ. ವಿಶ್ವಸಂಸ್ಥೆಯ 1961 ಮತ್ತು 1971ರ ಒಪ್ಪಂದಗಳಲ್ಲೂ ಇಂಥ ಪಟ್ಟಿಗಳಿವೆ, ನಮ್ಮ ಕಾಯ್ದೆ ಅವನ್ನು ನೋಡಿಕೊಂಡೇ ಮಾಡಿದ್ದು. ಆದರೆ ಎರಡೂ ಪೂರ್ತಿ ಹೊಂದುವುದಿಲ್ಲ. ಟ್ರಮಡಾಲ್ ಆ ಒಪ್ಪಂದಗಳ ಪಟ್ಟಿಯಲ್ಲಿ ಇಲ್ಲದಿದ್ದರೂ ಭಾರತ ಸೇರಿಸಿಕೊಂಡಿತು. ಇನ್ನು ಗಾಂಜಾ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ ಅದನ್ನು ಅತಿ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೆಯಿತು. 27 ದೇಶಗಳು ಪರ, 25 ವಿರುದ್ಧ. ಭಾರತವೂ ತೆಗೆಯುವ ಪರವಾಗಿಯೇ ಮತ ಹಾಕಿತ್ತು. ಇದನ್ನು ಮೊಬೈಲ್‌ನಲ್ಲಿ ನೋಡಿ "ಗಾಂಜಾ ಈಗ ಕಾನೂನುಬದ್ಧ" ಅಂತ ಹೇಳಿಕೊಂಡು ತಿರುಗುವ ಹುಡುಗರಿದ್ದಾರೆ. ಇಲ್ಲಿನ ಕಾಯ್ದೆಯಲ್ಲಿ ಗಾಂಜಾದ ಬಗ್ಗೆ ಒಂದಕ್ಷರವೂ ಬದಲಾಗಿಲ್ಲ. ಅವರಿಗೆ ದಯವಿಟ್ಟು ಹೇಳಿ.

ಹಾಗಾದರೆ ನಿಷೇಧ ಅಂದರೆ ಯಾವುದು? ಕಾಯ್ದೆಯ 8ನೇ ಸೆಕ್ಷನ್ ಈ ವಸ್ತುಗಳನ್ನು ಬೆಳೆಯುವುದು, ತಯಾರಿಸುವುದು, ಇಟ್ಟುಕೊಳ್ಳುವುದು, ಮಾರುವುದು, ಕೊಳ್ಳುವುದು, ಸಾಗಿಸುವುದು, ಸೇವಿಸುವುದು ಎಲ್ಲವನ್ನೂ ತಡೆಯುತ್ತದೆ. ಅದೇ ಸೆಕ್ಷನ್‌ನಲ್ಲಿ ಒಂದು ಬಾಗಿಲನ್ನೂ ಇಟ್ಟಿದ್ದಾರೆ: ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಕ್ಕೆ, ನಿಯಮದಲ್ಲಿ ಹೇಳಿದ ರೀತಿಯಲ್ಲಿ ಆದರೆ ತಪ್ಪಿಲ್ಲ. ಅಂದರೆ ಒಂದೇ ವಸ್ತು ಒಬ್ಬನ ಕೈಯಲ್ಲಿ ಔಷಧಿ, ಇನ್ನೊಬ್ಬನ ಕೈಯಲ್ಲಿ ಅಪರಾಧ. ಕಾನೂನು ಕೇಳುವುದು ಮೂರೇ ಪ್ರಶ್ನೆ. ಯಾವ ಪಟ್ಟಿಯದ್ದು? ಎಷ್ಟಿದೆ? ಡಾಕ್ಟರ ಚೀಟಿ ಎಲ್ಲಿ?

ಮಾರ್ಫಿನ್ ನೋಡಿ. ಕ್ಯಾನ್ಸರ್ ನೋವಿಗೆ ಅದಕ್ಕಿಂತ ನಂಬಿಕಸ್ಥ ಔಷಧಿ ಕಡಿಮೆ. ಆದರೆ ಲೈಸೆನ್ಸ್‌ಗಳ ರಗಳೆಯಿಂದಾಗಿ ಈ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಅದು ವರ್ಷಗಟ್ಟಲೆ ಸಿಗುತ್ತಲೇ ಇರಲಿಲ್ಲ. ರೋಗಿಗಳು ನರಳುತ್ತಾ ಸತ್ತರು. ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದ, ವಾಸಿಯಾಗದ ರೋಗಿಗಳ ನೋವು ತಗ್ಗಿಸಿ ಆರೈಕೆ ಮಾಡುವ ಪಾಲಿಯೇಟಿವ್ ಕೇರ್ ಸೊಸೈಟಿ ಮತ್ತು ಡಾ. ಎಂ. ಆರ್. ರಾಜಗೋಪಾಲ್ ಅವರಂಥವರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. "ಅಗತ್ಯ ನಾರ್ಕೋಟಿಕ್ ಔಷಧಿ" ಅನ್ನುವ ಹೊಸ ವರ್ಗ ಮಾಡಿ, 2015ರಲ್ಲಿ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್ ಈ ಆರನ್ನು ಅದರಲ್ಲಿ ಸೇರಿಸಿದರು. ಇವಕ್ಕೆ ಇಡೀ ದೇಶಕ್ಕೆ ಒಂದೇ ನಿಯಮ. ಇವತ್ತು ನಿಮ್ಮ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬಂದು ನೋವಿನ ರೋಗಿಯನ್ನು ನೋಡುತ್ತಾರಲ್ಲ, ಅದರ ಹಿಂದೆ ಇಂಥ ದೊಡ್ಡ ಹೋರಾಟ ಇದೆ.

ಈಗ ನಿಮ್ಮ ಕೈಯಲ್ಲಿರುವ ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಹೆಸರಿನ ಎಡಗಡೆ ಮೂಲೆಯಲ್ಲಿ ಸಣ್ಣದಾಗಿ ಕೆಂಪು ಅಕ್ಷರದಲ್ಲಿ ಎನ್‌ಆರ್‌ಎಕ್ಸ್ ಅಂತ ಇರಬೇಕು. ಬರೇ ಆರ್‌ಎಕ್ಸ್ ಇದ್ದರೆ ಅದು ಚೀಟಿ ಇಲ್ಲದೆ ಕೊಡಬಾರದ ಔಷಧಿ. ಮುಂದೆ ಎನ್ ಸೇರಿದರೆ, ಆ ಔಷಧಿ ಎನ್‌ಡಿಪಿಎಸ್ ಪಟ್ಟಿಯಲ್ಲೂ ಇದೆ ಅಂತ ಅರ್ಥ. ಎಕ್ಸ್‌ಆರ್‌ಎಕ್ಸ್ ಅಂತ ಇದ್ದರೆ ಇನ್ನೂ ಬಿಗಿ. ಈ ಗುರುತುಗಳು ಬರುವುದು ಬೇರೆ ಕಾನೂನಿನಿಂದ. 1940ರ ಡ್ರಗ್ಸ್ ಮತ್ತು ಕಾಸ್ಮೆಟಿಕ್ಸ್ ಕಾಯ್ದೆ, ಅದರ 1945ರ ನಿಯಮಗಳು. ಅದರಲ್ಲಿ ಎಚ್, ಎಚ್1, ಎಕ್ಸ್ ಅಂತ ಶೆಡ್ಯೂಲ್‌ಗಳಿವೆ. 2014ರ ಮಾರ್ಚ್‌ನಿಂದ ಜಾರಿಯಾದ ಎಚ್1ರಲ್ಲಿ ಅಲ್ಪ್ರಜೋಲಾಮ್, ಟ್ರಮಡಾಲ್, ಕೊಡೀನ್ ಇವೆ, ಕೆಲವು ಪ್ರಬಲ ಆಂಟಿಬಯಾಟಿಕ್‌ಗಳೂ ಇವೆ. ಇವನ್ನು ಮಾರಿದಾಗ ಮೆಡಿಕಲ್ ಶಾಪಿನವರು ರೋಗಿಯ ಹೆಸರು, ಡಾಕ್ಟರ ಹೆಸರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಎಕ್ಸ್ ಶೆಡ್ಯೂಲಿನ ಔಷಧಿಗೆ, ಉದಾಹರಣೆಗೆ ಮಕ್ಕಳ ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ) ಕೊಡುವ ಮೀಥೈಲ್‌ಫೆನಿಡೇಟ್‌ಗೆ, ಎರಡು ಪ್ರತಿ ಚೀಟಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳುತ್ತಾರೆ. ಅವರು ಚೀಟಿ ಕೇಳಿದಾಗ, ಸೀಲು ಹಾಕಿದಾಗ ಬೇಸರ ಮಾಡಬೇಡಿ. ಆ ಸೀಲೇ ನಾಳೆ ನಿಮಗೆ ರಕ್ಷಣೆ.

ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಎನ್‌ಡಿಪಿಎಸ್ ನಿಯಮಗಳ 66ನೇ ನಿಯಮ. ಸ್ವಂತ ಚಿಕಿತ್ಸೆಗಾಗಿ ಒಬ್ಬರು ಒಂದು ಸಲಕ್ಕೆ 100 ಡೋಸ್ ತನಕ ಸೈಕೋಟ್ರಾಪಿಕ್ ಔಷಧಿ ಇಟ್ಟುಕೊಳ್ಳಬಹುದು. ದೀರ್ಘಕಾಲದ ಕಾಯಿಲೆ ಅಂತ ಡಾಕ್ಟರು ನಿರ್ದಿಷ್ಟವಾಗಿ ಬರೆದುಕೊಟ್ಟರೆ 300 ಡೋಸ್ ತನಕ. ನಿಮ್ಮ ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಎರಡರಂತೆ 90 ದಿನಕ್ಕೆ ಕ್ಲೋಬಜಾಮ್ 180, ಫಿನೋಬಾರ್ಬಿಟೋನ್ 90. ಒಟ್ಟಿಗೆ 270. ನೂರು ದಾಟಿತು, ಮುನ್ನೂರರ ಒಳಗಿದೆ. ಹಾಗಾಗಿ ಚೀಟಿಯಲ್ಲಿ ಮಾತ್ರೆಯ ಹೆಸರು ಮಾತ್ರ ಇದ್ದರೆ ಸಾಲದು. "ಅಪಸ್ಮಾರ, ದೀರ್ಘಕಾಲದ ಚಿಕಿತ್ಸೆ, 90 ದಿನಕ್ಕೆ ಇಷ್ಟು" ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ಡಾಕ್ಟರು ಬರೆಯಲು ಹಿಂಜರಿದರೆ ಈ ನಿಯಮದ ಸಂಖ್ಯೆ ಹೇಳಿ.

ನಿಯಮ ಮಾತಾಡುವುದು ರೋಗಿಯ ಸ್ವಂತ ಬಳಕೆಯ ಬಗ್ಗೆ. ನಿಮ್ಮ ಮನೆಯಲ್ಲಿ ಹೊತ್ತು ತರುವವರು ನೀವು. ಆದ್ದರಿಂದ ಚೀಟಿ, ಅದೇ ದಿನದ ಬಿಲ್ಲು, ಹುಡುಗನ ಗುರುತಿನ ಚೀಟಿಯ ಪ್ರತಿ, ಅವನ ಅಂಗವೈಕಲ್ಯ ಅಥವಾ ಚಿಕಿತ್ಸಾ ಕಾರ್ಡ್ ಇದ್ದರೆ ಅದು, ಎಲ್ಲವನ್ನೂ ಮಾತ್ರೆಯ ಜತೆಗೇ ಒಂದೇ ಕವರಿನಲ್ಲಿ ಇಡಿ. ಬಿಲ್ಲಿನಲ್ಲಿ ನಿಮ್ಮ ಹೆಸರಲ್ಲ, ಹುಡುಗನ ಹೆಸರು ಇರಲಿ. ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಡಬ್ಬಿಗೆ ಹಾಕಿ ತರಬೇಡಿ. ಬಿಡಿ ಮಾತ್ರೆ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಗಡಿ ದಾಟಿದ್ದೇ ತಪ್ಪಾಯಿತಾ ಅಂತ ಹೆದರಬೇಡಿ. ಎನ್‌ಡಿಪಿಎಸ್ ಕೇಂದ್ರದ ಕಾನೂನು, ತಲಪಾಡಿಯ ಆಚೆಗೂ ಈಚೆಗೂ ಅದೇ. ಮಂಗಳೂರಿನ ಡಾಕ್ಟರ ಚೀಟಿ ಇಲ್ಲೂ ನಡೆಯುತ್ತದೆ. ಗಡಿ ದಾಟಿದರೆ ಬದಲಾಗುವುದು ಮದ್ಯದ ಕಾನೂನು. ಕರ್ನಾಟಕದ ಮದ್ಯದ ಪ್ಯಾಕೆಟ್ ಹಿಡಿದಾಗ ಕೇಸು ಬೀಳುವುದು ಕೇರಳದ ಅಬ್ಕಾರಿ ಕಾಯ್ದೆಯಲ್ಲಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ತಂಬಾಕಿನ ಪೊಟ್ಟಣದ ಕೇಸುಗಳೂ ಬೇರೆಯೇ. ಆದರೂ ಒಂದೇ ಕಡೆ, ಒಂದೇ ತಪಾಸಣೆಯಲ್ಲಿ ಎಲ್ಲವನ್ನೂ ಹುಡುಕುವುದರಿಂದ ಜನಕ್ಕೆ ಎಲ್ಲಾ ಒಂದೇ ಅನಿಸುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಗಡಿ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ಇಲ್ಲದೆ ನಮ್ಮ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಔಷಧಿಗಾಗಿ ಗಡಿ ದಾಟುವುದು ಇಲ್ಲಿಯವರಿಗೆ ಶೋಕಿಯಲ್ಲ. ತಪಾಸಣೆಗೆ ನಿಲ್ಲುವ ಅಧಿಕಾರಿಗಳಿಗೂ ಇದನ್ನು ಯಾರಾದರೂ ಕೂತು ತಿಳಿಸಬೇಕು.

ಇನ್ನು ನಿಮ್ಮೂರಿನ ಇಬ್ಬರು ಹುಡುಗರ ವಿಷಯ. ಇಲ್ಲಿ ಕೆಲಸ ಮಾಡಿದ್ದು ತೂಕ. 2001ರ ತಿದ್ದುಪಡಿಯ ಮೇಲೆ ಪ್ರತಿಯೊಂದು ವಸ್ತುವಿಗೂ ಎರಡು ಗೆರೆ ಎಳೆದಿದ್ದಾರೆ: ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ. ಗಾಂಜಾಕ್ಕೆ 1 ಕಿಲೋ ಮತ್ತು 20 ಕಿಲೋ. ಚರಸ್‌ಗೆ 100 ಗ್ರಾಂ, 1 ಕಿಲೋ. ಹೆರಾಯಿನ್‌ಗೆ 5 ಗ್ರಾಂ, 250 ಗ್ರಾಂ. ಎಂಡಿಎಂಎಗೆ ಅರ್ಧ ಗ್ರಾಂ, 10 ಗ್ರಾಂ. ಎಲ್‌ಎಸ್‌ಡಿಗೆ 2 ಮಿಲಿಗ್ರಾಂ, 100 ಮಿಲಿಗ್ರಾಂ. ಅರ್ಧ ಕಿಲೋ ಗಾಂಜಾ ಸಣ್ಣ ಪ್ರಮಾಣದ ಒಳಗೆ ಬಂತು. ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ ಜೈಲು, ಅಥವಾ 10,000 ರೂಪಾಯಿ ತನಕ ದಂಡ, ಅಥವಾ ಎರಡೂ. ಜಾಮೀನು ಸಿಗುತ್ತದೆ. 12 ಗ್ರಾಂ ಎಂಡಿಎಂಎ 10 ಗ್ರಾಂ ದಾಟಿತು, ವಾಣಿಜ್ಯ ಪ್ರಮಾಣ ಆಯಿತು. ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ, ಒಂದರಿಂದ ಎರಡು ಲಕ್ಷ ದಂಡ. ಜಾಮೀನಿಗೆ 37ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ. ಸರ್ಕಾರಿ ವಕೀಲರ ಮಾತು ಕೇಳಬೇಕು, ಅವರು ವಿರೋಧಿಸಿದರೆ ಆರೋಪಿ ತಪ್ಪು ಮಾಡಿಲ್ಲ ಅಂತ ನಂಬಲು ಕಾರಣ ಇದೆ ಅಂತ ಕೋರ್ಟಿಗೆ ಅನಿಸಬೇಕು, ಹೊರಗೆ ಬಂದರೆ ಮತ್ತೆ ಅಪರಾಧ ಮಾಡಲಾರ ಅಂತಲೂ ಅನಿಸಬೇಕು. ವಿಚಾರಣೆಗೆ ಮೊದಲೇ ಇಷ್ಟು ಒಪ್ಪಿಸುವುದು ಬಹಳ ಕಷ್ಟ. ಎರಡು ಗೆರೆಗಳ ನಡುವೆ ಸಿಕ್ಕಿದರೆ 10 ವರ್ಷದ ತನಕ ಶಿಕ್ಷೆ, ಲಕ್ಷದ ತನಕ ದಂಡ.

ಶುದ್ಧ ಮಾಲು ಎಷ್ಟಿತ್ತು ಅಂತ ಲೆಕ್ಕ ಹಾಕುತ್ತಾರಾ ಅಂತ ಹಲವರು ಕೇಳುತ್ತಾರೆ. ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಲ್ಲಿ ಉತ್ತರ ಹೇಳಿದೆ: ಇಲ್ಲ, ಕಲಬೆರಕೆ ಸೇರಿಸಿಯೇ ತೂಕ. ಹಾಲಿಗೆ ಬೆರೆಸಿದ ನೀರನ್ನೂ ಹಾಲಿನ ಲೆಕ್ಕಕ್ಕೇ ಸೇರಿಸಿದ ಹಾಗೆ. ಇದರ ಬಿಸಿ ಮಾತ್ರೆಗಳಿಗೂ ತಟ್ಟುತ್ತದೆ. ಅಲ್ಪ್ರಜೋಲಾಮ್‌ನ ಸಣ್ಣ ಪ್ರಮಾಣ 5 ಗ್ರಾಂ, ವಾಣಿಜ್ಯ ಪ್ರಮಾಣ 100 ಗ್ರಾಂ. ಅರ್ಧ ಮಿಲಿಗ್ರಾಂ ಔಷಧಿ ಇರುವ ಒಂದು ಮಾತ್ರೆ 100 ಮಿಲಿಗ್ರಾಂ ತೂಗುತ್ತದೆ ಅಂತಿಟ್ಟುಕೊಳ್ಳಿ. ಔಷಧಿಯನ್ನು ಮಾತ್ರ ತೂಗಿದರೆ 5 ಗ್ರಾಂ ಆಗಲು 10,000 ಮಾತ್ರೆ ಬೇಕು. ಇಡೀ ಮಾತ್ರೆ ತೂಗಿದರೆ 50 ಸಾಕು. ಚೀಟಿ ಇಲ್ಲದೆ ಇಂಥ ಮಾತ್ರೆ ಇಟ್ಟುಕೊಳ್ಳುವುದು ಎಷ್ಟು ಅಪಾಯ ಅಂತ ಇದರಿಂದಲೇ ಗೊತ್ತಾಗುತ್ತದೆ. ಸುಮ್ನೆ ಪಕ್ಕದ ಮನೆಯವರಿಗೆ ನಿದ್ದೆ ಬರಲ್ಲ ಅಂತ ಒಂದು ಹಾಳೆ ಕೊಡುವುದೂ ಬೇಡ.

ನನ್ನ ಅಭಿಪ್ರಾಯ ಕೇಳಿದರೆ, ಈ ತೂಕದ ಪದ್ಧತಿಯಲ್ಲಿ ನ್ಯಾಯವೂ ಇದೆ, ಅನ್ಯಾಯವೂ ಇದೆ. ಸೇದುವವನನ್ನೂ ಸಾಗಿಸುವವನನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು ಅಂತಲೇ ಇದನ್ನು ತಂದದ್ದು. ಆದರೆ 9 ಗ್ರಾಂ ಸಿಕ್ಕವನಿಗೂ 11 ಗ್ರಾಂ ಸಿಕ್ಕವನಿಗೂ ನಡುವೆ ಹತ್ತು ವರ್ಷದ ಅಂತರ ಬಂದುಬಿಡುತ್ತದೆ. ಯಾರದ್ದೋ ಮಾತು ಕೇಳಿ ಪೊಟ್ಟಣ ಹೊತ್ತ ಇಪ್ಪತ್ತರ ಹುಡುಗ ಜೈಲು ಸೇರುತ್ತಾನೆ, ಕಳಿಸಿದವನು ಎಷ್ಟೋ ಸಲ ಸಿಗುವುದೇ ಇಲ್ಲ.

ಗಾಂಜಾ ಗಿಡದ ಬಗ್ಗೆ ಒಂದು ಮಾತು. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಹೂವು, ಕಾಯಿ ಬಿಟ್ಟ ತುದಿಗಳು. ತುದಿ ಇಲ್ಲದ ಬರೀ ಎಲೆ ಮತ್ತು ಬೀಜ ಅದರಲ್ಲಿ ಬರುವುದಿಲ್ಲ. ಅದಕ್ಕೇ ಉತ್ತರ ಭಾರತದ ಕೆಲವು ಕಡೆ ಭಂಗಿಯ ಅಂಗಡಿಗಳಿವೆ. ಇದನ್ನು ನಂಬಿ ಹಿತ್ತಲಲ್ಲಿ ಗಿಡ ನೆಟ್ಟರೆ ಕೆಟ್ಟಿರಿ, ಗಿಡ ಬೆಳೆಸುವುದೇ ಬೇರೆ ಅಪರಾಧ.

ತಪಾಸಣೆ ಹೊತ್ತಲ್ಲಿ ನಿಮಗಿರುವ ಹಕ್ಕುಗಳೂ ಗೊತ್ತಿರಲಿ. ಮೈ ತಪಾಸಣೆ ಮಾಡುವ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ತಪಾಸಣೆ ಕೇಳುವ ಹಕ್ಕು ನಿಮಗಿದೆ ಅಂತ ಅವರೇ ಹೇಳಬೇಕು. ಇದು 50ನೇ ಸೆಕ್ಷನ್. ಕೈಯಲ್ಲಿರುವ ಚೀಲಕ್ಕೆ ಇದು ಅನ್ವಯ ಆಗುವುದಿಲ್ಲ. ಹೆಂಗಸರ ಮೈ ತಪಾಸಣೆ ಹೆಂಗಸರೇ ಮಾಡಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು, ಅದೂ ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ. ಕಾಸರಗೋಡಿನ ಕನ್ನಡದವರಿಗೆ ಇದು ತುಂಬಾ ಮುಖ್ಯ. ಮಹಜರು ಮಲಯಾಳದಲ್ಲಿ ಬರೆಯುತ್ತಾರೆ, ನಮ್ಮವರು ಓದಲು ಬಾರದೆ "ಸಹಿ ಹಾಕು" ಅಂದಲ್ಲಿ ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ. ಓದಿ ಅರ್ಥ ಹೇಳಿ ಅಂತ ಗೌರವದಿಂದ ಕೇಳಿ. ಸಹಿ ಹಾಕಲೇಬೇಕಾದರೆ, ಮಲಯಾಳ ಓದಲು ಬರುವುದಿಲ್ಲ ಅಂತ ಸಹಿಯ ಮೇಲೆ ಕನ್ನಡದಲ್ಲಿ ಬರೆದು ಹಾಕಿ. ಅಧಿಕಾರಿಯ ಮುಂದೆ ಹೆದರಿ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷಿಯಾಗಿ ಬಳಸುವಂತಿಲ್ಲ ಅಂತ ತೂಫಾನ್ ಸಿಂಗ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗಾಂಜಾ ಸಿಕ್ಕ ಹುಡುಗನ ಮನೆಯವರಿಗೆ ಒಂದು ವಿಷಯ ತಲುಪಿಸಿ. ಅವನು ಚಟಕ್ಕೆ ಬಿದ್ದವನಾದರೆ, ತಾನಾಗಿ ಮುಂದೆ ಬಂದು ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಚಿಕಿತ್ಸೆ ತೆಗೆದುಕೊಂಡರೆ, ಸಣ್ಣ ಪ್ರಮಾಣದ ಕೇಸಿನಿಂದ ವಿನಾಯಿತಿ ಸಿಗುವ ದಾರಿ 64ಎ ಸೆಕ್ಷನ್‌ನಲ್ಲಿದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿಯೂ ಹೋಗುತ್ತದೆ. ಮರ್ಯಾದೆ ಹೋಯಿತು ಅಂತ ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕುವುದಕ್ಕಿಂತ ವಕೀಲರ ಹತ್ತಿರ ಇದನ್ನು ಮಾತಾಡುವುದು ಮೇಲು. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯವರು ನೆರವಾಗುತ್ತಾರೆ. ದೇಶದ ಸಹಾಯವಾಣಿ 14446 ಉಚಿತ.

ಕೊನೆಗೆ ನಿಮ್ಮ ಭಾವನ ಟ್ರಮಡಾಲ್. ಕಳಿಸಬೇಡಿ. ನಮ್ಮ ಕಡೆ ಗಲ್ಫಿಗೆ ಹೋಗುವವರ ಬ್ಯಾಗಿನಲ್ಲಿ ಒಂದು ಪೊಟ್ಟಣ ಕೊಟ್ಟು ಕಳಿಸುವುದು ರೂಢಿ. ಉಪ್ಪಿನಕಾಯಿ, ಹಪ್ಪಳಕ್ಕೆ ಅದು ಸರಿ. ಟ್ರಮಡಾಲ್ ಯುಎಇಯಲ್ಲೂ ಬಿಗಿ ನಿಯಂತ್ರಣದ ಔಷಧಿ. ಹೊತ್ತೊಯ್ದವರ ಹೆಸರಿಗೆ ಚೀಟಿ ಇರುವುದಿಲ್ಲ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವವರು ಅವರು. ಇಲ್ಲಿನ ಕಾನೂನಿನಲ್ಲೂ ಅದು ಅನುಮತಿ ಇಲ್ಲದ ರಫ್ತು ಆಗಬಹುದು. ಭಾವ ಅಲ್ಲಿನ ಡಾಕ್ಟರಿಗೇ ತೋರಿಸಿ ಅಲ್ಲೇ ಔಷಧಿ ಪಡೆಯಲಿ. ರಜೆಗೆ ಬಂದು ಇಲ್ಲಿ ಚಿಕಿತ್ಸೆ ಪಡೆದು ವಾಪಸ್ ಹೋಗುವಾಗ ಸ್ವಂತಕ್ಕೆ ಒಯ್ಯಬೇಕಾದರೆ, ಹೊರಡುವ ಮೊದಲೇ ಯುಎಇ ಸರ್ಕಾರದ ಆನ್‌ಲೈನ್ ಅನುಮತಿ ಪಡೆಯಬೇಕು. ಚೀಟಿಯನ್ನೂ ವೈದ್ಯಕೀಯ ವರದಿಯನ್ನೂ ಅಲ್ಲಿ ಕೊಡಬೇಕಾಗುತ್ತದೆ. ನರನೋವಿಗೆ ಕೊಡುವ ಪ್ರಿಗಾಬಲಿನ್ ನಮ್ಮ ಎನ್‌ಡಿಪಿಎಸ್ ಪಟ್ಟಿಯಲ್ಲಿಲ್ಲ, ಆದರೆ ಯುಎಇಯಲ್ಲಿ ಅದೂ ನಿಯಂತ್ರಣದಲ್ಲಿದೆ. ಪಾಯಸಕ್ಕೆ ಹಾಕುವ ಗಸಗಸೆಯೂ ಹಾಗೆಯೇ. ಇಲ್ಲಿ ಗಸಗಸೆ ಬೀಜವನ್ನು ಕಾಯ್ದೆಯಿಂದ ಹೊರಗಿಟ್ಟಿದ್ದಾರೆ, ಯಾವ ಅಂಗಡಿಯಲ್ಲೂ ಸಿಗುತ್ತದೆ. ಯುಎಇಗೆ ಅದನ್ನು ಒಯ್ಯುವಂತಿಲ್ಲ, ಒಯ್ದು ಜೈಲು ಸೇರಿದವರಿದ್ದಾರೆ. ಭಾವನಿಗೆ ಹಬ್ಬದ ತಿಂಡಿ ಕಟ್ಟುವಾಗ ಮಸಾಲೆ ಪೊಟ್ಟಣಗಳಲ್ಲಿ ಗಸಗಸೆ ಸೇರಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.